ಬ್ಯಾಗ್ ಹೊತ್ತವನಿಗೆ ಪಾಯಿಂಟ್ ಇಲ್ಲ

ಪೋಸ್ಟ್ ಉದ್ದ ಇದೆ. ಊಟ ಆದ್ಮೇಲೆ ಓದಿ, ಅರ್ಧಕ್ಕೆ ಬಿಡಬೇಡಿ.

ಆರು ವಾರದಿಂದ ನನ್ನ ಫೋನಿನಲ್ಲಿ ಒಂದು ಗಾಲ್ಫ್ ಆ್ಯಪ್ ಇದೆ. ಹೌದು, ಗಾಲ್ಫೇ. ಗಾಲ್ಫ್ ಆಡುವವರಿಗೆ ಪಾಯಿಂಟ್ ಕೊಡುವ ಆ್ಯಪ್ ಅದು. ಮೈದಾನಕ್ಕೆ ಹೋದರೆ ಪಾಯಿಂಟ್, 18 ಹೋಲ್ ಮುಗಿಸಿದರೆ ಪಾಯಿಂಟ್, ಸ್ಕೋರ್ ತುಂಬಿದರೆ ಪಾಯಿಂಟ್, ಸ್ನೇಹಿತರನ್ನು ಸೇರಿಸಿದರೆ ಇನ್ನೂ ಜಾಸ್ತಿ ಪಾಯಿಂಟ್. ಕೂಡಿಟ್ಟ ಪಾಯಿಂಟಿಗೆ ಚೆಂಡು, ಕೈಗವಸು, ಟೋಪಿ, ರೆಸಾರ್ಟಿನಲ್ಲಿ ಡಿಸ್ಕೌಂಟು. ಇಂಥ ಆ್ಯಪ್‌ಗಳು ಈಗ ಒಂದೆರಡಲ್ಲ, ಅದಕ್ಕೇ ಹೆಸರು ಹೇಳಿ ಯಾರಿಗೂ ಪುಕ್ಕಟೆ ಪ್ರಚಾರ ಕೊಡಲ್ಲ.

ನನ್ನ ಫೋನಿಗೆ ಇದು ಬಂದಿದ್ದು ಹೇಗೆ ಅಂದ್ರೆ, ಆ ಸ್ನೇಹಿತರ ಪಾಯಿಂಟಿನಿಂದ. ನಮ್ಮ ಆಫೀಸಿನ ಸಾಹೇಬ್ರು ಶನಿವಾರ, ಭಾನುವಾರ ಗಾಲ್ಫ್ ಆಡ್ತಾರೆ. ಒಂದಿನ ಸೆಕ್ಷನ್ನಿಗೆ ಬಂದು, "ಎಲ್ಲರಿಗೂ ಒಂದು ಲಿಂಕ್ ಕಳಿಸಿದೀನಿ ಕಣ್ರೀ, ಹಾಕ್ಕೊಂಬಿಡಿ, ನಂಗೆ ಸ್ವಲ್ಪ ಪಾಯಿಂಟ್ ಬರುತ್ತೆ" ಅಂದ್ರು. ಸಾಹೇಬ್ರು ನಗ್ತಾ ಕೇಳಿದ್ದನ್ನ ಯಾರು ಇಲ್ಲ ಅಂತಾರೆ? ಗುಮಾಸ್ತರು, ಟಪಾಲು ನೋಡ್ಕೊಳ್ಳೋ ಮೇಡಂ, ಡ್ರೈವರ್, ಟೀ ತರೋ ಹುಡುಗ, ಹನ್ನೊಂದು ಜನ ಒಂದೇ ಮಧ್ಯಾಹ್ನದಲ್ಲಿ ಗಾಲ್ಫ್ ಆಟಗಾರರಾದೆವು. ಹನ್ನೊಂದರಲ್ಲಿ ಒಬ್ಬರೂ ಗಾಲ್ಫ್ ಮೈದಾನದ ಗೇಟು ದಾಟಿದವರಲ್ಲ. ಮಾರನೇ ದಿನ ಹತ್ತು ಜನ ಡಿಲೀಟ್ ಮಾಡಿದ್ರು. ನಾನು ಮಾಡಲಿಲ್ಲ. ನನಗೊಂದು ಕಾರಣ ಇತ್ತು. ನಮ್ಮ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡೋನು, ಇಪ್ಪತ್ತೆರಡು ವರ್ಷದಿಂದ ಈ ಊರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಆಡೋರ ಹಿಂದೆ ಬ್ಯಾಗ್ ಹೊತ್ತುಕೊಂಡು ನಡೆಯುವವನು ಕ್ಯಾಡಿ. ಅವನು ನಡೆದಿರೋ ದೂರಕ್ಕೆ ಈ ಆ್ಯಪ್ ಏನು ಕೊಡುತ್ತೆ ನೋಡೋಣ ಅನ್ನಿಸ್ತು.

ಮೊದಲು ಪ್ರೊಫೈಲ್ ತುಂಬಬೇಕು. ಹೆಸರು, ವಯಸ್ಸು ಆಯ್ತು. ಮೂರನೇ ಪ್ರಶ್ನೆ: ನಿಮ್ಮ ಹೋಂ ಕ್ಲಬ್ ಯಾವುದು? "ಯಾವುದೂ ಇಲ್ಲ" ಅನ್ನೋದಕ್ಕೆ ಜಾಗವೇ ಇಲ್ಲ. ಪಟ್ಟಿಯಲ್ಲಿ ಯಾವುದಾದರೂ ಒಂದನ್ನ ಒತ್ತಿದರೇನೇ ಮುಂದಕ್ಕೆ. ನಾನು ಬೆಂಗಳೂರು ಗಾಲ್ಫ್ ಕ್ಲಬ್ ಒತ್ತಿದೆ. 1876ರಲ್ಲಿ ಶುರುವಾದ ಕ್ಲಬ್ಬು, ಹೈಗ್ರೌಂಡ್ಸ್‌ನಲ್ಲಿದೆ. ಬಸ್ಸಿನಲ್ಲಿ ಆ ಕಾಂಪೌಂಡ್ ಪಕ್ಕ ಹಾದು ಹೋಗಿರುವಷ್ಟೇ ನನ್ನ ಸಂಬಂಧ. ಆ್ಯಪ್ ಮಾತ್ರ ಹಸಿರು ಟಿಕ್ ಹಾಕಿ ಸ್ವಾಗತ ಮಾಡ್ತು.

ನಾಲ್ಕನೇ ಪ್ರಶ್ನೆ: ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?

ಇಲ್ಲಿ ಸ್ವಲ್ಪ ನಿಲ್ಲಿ ಗೆಳೆಯರೇ. ಈ ಹ್ಯಾಂಡಿಕ್ಯಾಪ್ ವಿಚಾರ ನಮ್ಮವರೆಲ್ಲ ತಿಳ್ಕೋಬೇಕು.

ಗಾಲ್ಫಿನಲ್ಲಿ ಎಷ್ಟು ಕಮ್ಮಿ ಹೊಡೆತದಲ್ಲಿ ಚೆಂಡನ್ನ ಗುಳಿಗೆ ಹಾಕ್ತೀರೋ ಅಷ್ಟು ಒಳ್ಳೇದು. ಈಗ ಒಬ್ಬ ಮೂವತ್ತು ವರ್ಷದಿಂದ ಆಡ್ತಿದ್ದಾನೆ, ಇನ್ನೊಬ್ಬ ಹೋದ ವರ್ಷ ಕಲಿತಿದ್ದಾನೆ. ಇಬ್ಬರನ್ನೂ ಸುಮ್ಮನೆ ಆಡಲು ಬಿಟ್ಟರೆ ಹಳಬನೇ ಗೆಲ್ತಾನೆ, ಆಟಕ್ಕೆ ಅರ್ಥ ಇರಲ್ಲ. ಅದಕ್ಕೇ ಹೊಸಬನಿಗೆ ಹ್ಯಾಂಡಿಕ್ಯಾಪ್ ಅಂತ ಒಂದು ಅಂಕಿ. ಅವನ ಒಟ್ಟು ಹೊಡೆತದಿಂದ ಅಷ್ಟನ್ನ ಕಳೆದು ಲೆಕ್ಕ ಹಾಕ್ತಾರೆ. 2020ರಿಂದ ಪ್ರಪಂಚಕ್ಕೆಲ್ಲ ಒಂದೇ ಪದ್ಧತಿ ಬಂದಿದೆ, ಅದರ ಪ್ರಕಾರ 54ರ ತನಕ ಹ್ಯಾಂಡಿಕ್ಯಾಪ್ ಇರಬಹುದು. 18 ಹೋಲಿಗೆ 54 ಅಂದ್ರೆ ಒಂದೊಂದು ಹೋಲಿಗೂ ಮೂರು ಮೂರು ಹೊಡೆತದ ರಿಯಾಯಿತಿ! ಇಷ್ಟೇ ಅಲ್ಲ. ಮೈದಾನ ಎಷ್ಟು ಕಷ್ಟದ್ದು ಅಂತ ಬೇರೆ ಅಳೀತಾರೆ, ಅದಕ್ಕೆ ಸ್ಲೋಪ್ ಅಂತ ಹೆಸರು. ಕಷ್ಟದ ಮೈದಾನವಾದರೆ ಕಲಿಯುವವನಿಗೆ ಇನ್ನೂ ನಾಲ್ಕು ಹೊಡೆತ ಜಾಸ್ತಿ ಸಿಕ್ಕಬಹುದು. ಅವನು ಆಡಿದ ಕೊನೆಯ 20 ಆಟದಲ್ಲಿ ಚೆನ್ನಾಗಿ ಆಡಿದ 8 ತಗೊಂಡು ಅಂಕಿಯನ್ನ ಮತ್ತೆ ಮತ್ತೆ ತಿದ್ದುತ್ತಾರೆ.

ನಮ್ಮ ಸಾಹೇಬ್ರ ಹ್ಯಾಂಡಿಕ್ಯಾಪ್ 24. ಆಫೀಸಿನಲ್ಲಿ ಹೆಮ್ಮೆಯಿಂದಲೇ ಹೇಳ್ಕೊಂಡರು. ಅದೇ ಸಾಹೇಬ್ರು ಹೋದ ವರ್ಷ ನಮ್ಮ ಸೆಕ್ಷನ್ನಿನಲ್ಲಿ ಬಡ್ತಿ ಪಟ್ಟಿ ಬಂದಾಗ, "ರೋಸ್ಟರ್ ಅಂತ ಮಾಡಿ ಮೆರಿಟ್ ಹಾಳು ಮಾಡಿಬಿಟ್ರು" ಅಂತ ಕಾರಿಡಾರಿನಲ್ಲಿ ನಿಂತು ಹೇಳಿದವರು. ನಾನು ಕಿವುಡ ಅಲ್ಲ, ಅಲ್ಲೇ ಫೈಲ್ ಹಿಡ್ಕೊಂಡು ನಿಂತಿದ್ದೆ.

ಹಾಗಂತ ಅವರ 24ರ ಮೇಲೆ ನನಗೆ ಸಿಟ್ಟಿಲ್ಲ. ಅದು ಒಳ್ಳೆಯ ಪದ್ಧತಿ. ಒಬ್ಬ ಎಲ್ಲಿಂದ ಶುರು ಮಾಡಿದ, ಯಾವ ಮೈದಾನದಲ್ಲಿ ಆಡಿದ ಅಂತ ನೋಡಿ ಆಮೇಲೆ ಪೈಪೋಟಿಗೆ ಬಿಡೋದು ನ್ಯಾಯ. ಆ ನ್ಯಾಯ ಆ ಬೇಲಿಯೊಳಗೆ ಇರೋರಿಗೆ ಎಷ್ಟು ಚೆನ್ನಾಗಿ ಅರ್ಥ ಆಗಿದೆ ನೋಡಿ! ದಶಮಾಂಶದ ತನಕ ಲೆಕ್ಕ ಇಟ್ಟಿದ್ದಾರೆ. "ನಿನಗೆ ಹದಿನೆಂಟು ಹೊಡೆತ ಬಿಟ್ಟುಕೊಟ್ಟೆ, ನೀನು ಕೋಟಾದಲ್ಲಿ ಗೆದ್ದೆ" ಅಂತ ಅಲ್ಲಿ ಯಾರೂ ಯಾರನ್ನೂ ಹಂಗಿಸಲ್ಲ. ಗೆದ್ದವನು ಕಪ್ ತಗೊಂಡು ಮನೆಗೆ ಹೋಗ್ತಾನೆ. ಅವರ ಲೆಕ್ಕ ಪ್ರತಿ ಆಟಕ್ಕೂ ಹೊಸದಾಗುತ್ತೆ. ನಮ್ಮ ಲೆಕ್ಕ? ರಾಜ್ಯದಲ್ಲಿ 2015ರಲ್ಲಿ ಮನೆ ಮನೆಗೆ ಹೋಗಿ ಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಗೆ ಹೋಗಿದ್ದು 2024ರಲ್ಲಿ.

ಪಕ್ಕದ ಟೇಬಲ್ಲಿನವರಿಗೆ ಇದನ್ನ ಹೇಳಿದೆ. "ಅದು ಹವ್ಯಾಸಕ್ಕೆ ಆಡೋರಿಗೆ ಸರ್, ದೊಡ್ಡ ಟೂರ್ನಮೆಂಟಿನಲ್ಲಿ ಹ್ಯಾಂಡಿಕ್ಯಾಪ್ ಇಲ್ಲ, ಅಲ್ಲಿ ಮೆರಿಟ್ಟೇ" ಅಂದ್ರು. ಸರಿನೇ. ನಮ್ಮದೂ ಹಾಗೇ ಅಲ್ವಾ? ಸೀಟು ಸಿಗೋವಾಗ ಮೀಸಲಾತಿ. ಪರೀಕ್ಷೆ ಪಾಸಾಗೋಕೆ ಎಲ್ಲರಿಗೂ ಅದೇ ಪ್ರಶ್ನೆಪತ್ರಿಕೆ, ಅದೇ ಪಾಸ್ ಮಾರ್ಕು. ನನ್ನ ಬಿ.ಎ. ಸರ್ಟಿಫಿಕೇಟಿನಲ್ಲಿ ಯಾರೂ ಹ್ಯಾಂಡಿಕ್ಯಾಪ್ ಕಳೆದು ಬರೆದಿಲ್ಲ.

ಸರಿ, ಆ್ಯಪ್‌ಗೆ ವಾಪಸ್ ಬರ್ತೀನಿ. ಹ್ಯಾಂಡಿಕ್ಯಾಪ್ ಕಾಲಂನಲ್ಲಿ 54 ಅಂತ ತುಂಬಿದೆ. ಈಗ ಪಾಯಿಂಟ್ ಸಂಪಾದಿಸಬೇಕು. ಕ್ಲಬ್ಬಿಗೆ ಹೋಗೋಕೆ ಮೆಂಬರ್‌ಶಿಪ್ ಇಲ್ಲ, ಮೆಂಬರ್ ಕರ್ಕೊಂಡು ಹೋಗಬೇಕು, ಇಲ್ಲಾಂದ್ರೆ ಹೊರಗಿನವರ ಫೀಸು ಕಟ್ಟಬೇಕು. ಉಳಿದಿದ್ದು ಡ್ರೈವಿಂಗ್ ರೇಂಜ್. ಅಂದ್ರೆ ಬಕೆಟ್ ಲೆಕ್ಕದಲ್ಲಿ ಚೆಂಡು ತಗೊಂಡು ನಿಂತಲ್ಲೇ ದೂರಕ್ಕೆ ಹೊಡೆಯೋ ಜಾಗ. ಒಂದು ಭಾನುವಾರ ಹೋದೆ. ಒಂದು ಬಕೆಟ್ ಚೆಂಡು, ಬಾಡಿಗೆಗೆ ಒಂದು ಕೋಲು. ನಮ್ಮ ಮನೆಯ ನಾಲ್ಕು ದಿನದ ಹಾಲು ತರಕಾರಿ ದುಡ್ಡು ಹೋಯ್ತು. ಗೇಟಿನಲ್ಲಿ ಸೆಕ್ಯುರಿಟಿಯವನು "ಡ್ರೈವರ್‌ಗಳು ಆ ಕಡೆ ಕೂರಬೇಕು ಸರ್" ಅಂತ ಬಹಳ ಮರ್ಯಾದೆಯಿಂದ ಹೇಳಿದ. ನಾನು ಫೋನ್ ತೋರಿಸಿದೆ. ಆ್ಯಪ್ ಆಗಲೇ "ನೀವು ರೇಂಜಿನಲ್ಲಿದ್ದೀರಿ, 20 ಪಾಯಿಂಟ್" ಅಂತ ತೋರಿಸ್ತಿತ್ತು. ಒಂದು ವಿಷಯದಲ್ಲಿ ಆ್ಯಪ್‌ಗೆ ಮಾರ್ಕ್ಸ್ ಕೊಡಬೇಕು, ಅದಕ್ಕೆ ನನ್ನ ಚಪ್ಪಲಿ ಕಾಣಲ್ಲ.

ಕೋಲು ಹಿಡಿದ ತಕ್ಷಣ ನನ್ನ ಕೈ ತಾನಾಗೇ ಗುದ್ದಲಿ ಹಿಡಿತಕ್ಕೆ ಹೋಯ್ತು. ಹೈಸ್ಕೂಲ್ ಮುಗಿಯೋ ತನಕ ಬೇಸಿಗೆ ರಜೆಯಲ್ಲಿ ಊರಿನಲ್ಲಿ ಹಿಡಿದಿದ್ದು ಅದನ್ನೇ. ಕಲಿಸೋ ಹುಡುಗ ಬಂದು, "ಸರ್, ಕೈ ಉಲ್ಟಾ ಆಯ್ತು, ಎಡಗೈ ಮೇಲೆ ಬರಬೇಕು, ಬಲಗೈ ಕೆಳಗೆ" ಅಂದ. ಪಾಪ, ಒಳ್ಳೆ ಹುಡುಗ. ಅವನಿಗೆ ನಾನು ಪಪ್ವಾ ಸೆವ್‌ಗೋಲಮ್ ಕಥೆ ಹೇಳಿದೆ. ನಿಮಗೂ ಹೇಳ್ತೀನಿ.

ಸೆವ್‌ಗೋಲಮ್ ದಕ್ಷಿಣ ಆಫ್ರಿಕಾದ ಡರ್ಬನ್ನಿನವರು. ಭಾರತೀಯ ಮೂಲದ ಬಡ ಕುಟುಂಬ, ಓದು ಬರಹ ಬರ್ತಿರಲಿಲ್ಲ, ಬಿಳಿಯರ ಕ್ಲಬ್ಬಿನಲ್ಲಿ ಕ್ಯಾಡಿ. ಯಾರೂ ಕಲಿಸದೆ ಕಲಿತದ್ದರಿಂದ ಅವರ ಹಿಡಿತ ಉಲ್ಟಾ, ಬಲಗೈ ಮೇಲೆ, ಎಡಗೈ ಕೆಳಗೆ. ಆ ಉಲ್ಟಾ ಹಿಡಿತದಲ್ಲೇ 1959ರಲ್ಲಿ, 1960ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ತಮ್ಮದೇ ಊರಿನಲ್ಲಿ ನಟಾಲ್ ಓಪನ್ ಗೆದ್ದರು. ಅವತ್ತು ಮಳೆ. ವರ್ಣಭೇದದ ಕಾನೂನು ಇದ್ದದ್ದರಿಂದ ಕ್ಲಬ್ಬಿನ ಕಟ್ಟಡದೊಳಗೆ ಅವರಿಗೆ ಪ್ರವೇಶ ಇಲ್ಲ. ಸೋತ ಬಿಳಿಯರು ಒಳಗೆ ಬೆಚ್ಚಗಿದ್ದರು, ಗೆದ್ದವರಿಗೆ ಹೊರಗೆ ಮಳೆಯಲ್ಲಿ ನಿಲ್ಲಿಸಿ ಕಪ್ ಕೊಟ್ಟರು. ಆ ಫೋಟೊ ಪ್ರಪಂಚ ಎಲ್ಲ ಸುತ್ತಿತು. 1965ರಲ್ಲಿ ಅದೇ ಟೂರ್ನಮೆಂಟಿನಲ್ಲಿ ಗ್ಯಾರಿ ಪ್ಲೇಯರ್ ಅಂಥ ಗ್ಯಾರಿ ಪ್ಲೇಯರನ್ನೇ ಸೋಲಿಸಿದರು. ಆಮೇಲೆ ಸರ್ಕಾರ ಅವರಿಗೆ ಬಿಳಿಯರ ಟೂರ್ನಮೆಂಟುಗಳ ಬಾಗಿಲನ್ನೇ ಮುಚ್ಚಿತು. ಊರ ಹೊರಗೆ ನಿಂತು ಪ್ರಸಾದ ಇಸ್ಕೊಂಡ ಅಜ್ಜಂದಿರ ಮೊಮ್ಮಕ್ಕಳು ನಾವು. ಆ ಮಳೆಯನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲೂ ಅಷ್ಟೇ. ಅಲ್ಲಿನ ವೃತ್ತಿಪರರ ಸಂಘ ಪಿಜಿಎ, 1961ರ ತನಕ ತನ್ನ ನಿಯಮದಲ್ಲೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ಬರ್ಕೊಂಡಿತ್ತು. ಆಗಸ್ಟಾ ನ್ಯಾಷನಲ್ ಅಂತ ಪ್ರಪಂಚದ ದೊಡ್ಡ ಕ್ಲಬ್ಬಿದೆ, ಅಲ್ಲಿ ಕಪ್ಪು ಜನಾಂಗದ ಮೊದಲ ಸದಸ್ಯ ಬಂದಿದ್ದು 1990ರಲ್ಲಿ. ಆದರೆ ಕ್ಯಾಡಿಗಳು ಮಾತ್ರ ಮೊದಲಿಂದಲೂ ಕಪ್ಪು ಜನವೇ. ಬ್ಯಾಗ್ ಹೊರೋಕೆ ಯಾವತ್ತೂ ಮಡಿ ಮೈಲಿಗೆ ಅಡ್ಡ ಬರಲಿಲ್ಲ. ಇನ್ನೊಂದು ವಿಷಯ, ಚೆಂಡನ್ನ ನೆಲದಿಂದ ಸ್ವಲ್ಪ ಎತ್ತರಕ್ಕೆ ಇಡೋ ಮರದ ಪುಟ್ಟ ಮೊಳೆ ಇರುತ್ತಲ್ಲ, ಟೀ ಅಂತಾರೆ, ಅದಕ್ಕೆ 1899ರಲ್ಲಿ ಪೇಟೆಂಟ್ ತಗೊಂಡಿದ್ದು ಜಾರ್ಜ್ ಗ್ರ್ಯಾಂಟ್ ಅನ್ನೋ ಕಪ್ಪು ದಂತವೈದ್ಯ, ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ ಮಗ. ಆ್ಯಪ್‌ನ ಅಂಗಡಿಯಲ್ಲಿ 150 ಪಾಯಿಂಟಿಗೆ ಒಂದು ಪ್ಯಾಕೆಟ್ ಟೀ ಸಿಗುತ್ತೆ.

ರೇಂಜಿಗೆ ಮೂರು ಸಲ ಹೋದೆ. ಆಮೇಲೆ ದುಡ್ಡು ಸಾಕಾಯ್ತು. ನಿಜ ಹೇಳಬೇಕು, ಚೆಂಡು ಸರಿಯಾಗಿ ಸಿಕ್ಕಾಗ ಕೈಯಲ್ಲಿ ಒಂದು ಥರ ಖುಷಿ ಇರುತ್ತೆ. ಆಟ ಕೆಟ್ಟದ್ದಲ್ಲ.

ಇನ್ನು ಅಣ್ಣನ ವಿಷಯ.

ಅಣ್ಣ ಬೆಳಿಗ್ಗೆ ಐದಕ್ಕೆ ಕ್ಲಬ್ಬಿನ ಹಿಂದಿನ ಗೇಟಿನಲ್ಲಿರ್ತಾನೆ. ನಂಬರ್ ಬರೋ ತನಕ ಕಾಯಬೇಕು. ನಂಬರ್ ಬಂದರೆ ಒಂದು ರೌಂಡು, ಬರದಿದ್ದರೆ ಬರಿಗೈ. ಬ್ಯಾಗಿನಲ್ಲಿ ಹದಿನಾಲ್ಕು ಕೋಲಿನ ತನಕ ಇರಬಹುದು, ಅದರ ಜೊತೆ ಚೆಂಡು, ನೀರಿನ ಬಾಟಲಿ, ಛತ್ರಿ, ಸಾಹೇಬ್ರ ಜಾಕೆಟ್ಟು. 18 ಹೋಲು ಸುತ್ತಿ ಬರೋ ಹೊತ್ತಿಗೆ ಆರೇಳು ಕಿಲೋಮೀಟರ್, ನಾಲ್ಕು ನಾಲ್ಕೂವರೆ ಗಂಟೆ. ಹೊರೋದೊಂದೇ ಅಲ್ಲ. ಚೆಂಡು ಎಲ್ಲಿ ಬಿತ್ತು ಅಂತ ಕಣ್ಣಿಡಬೇಕು, ಗುಳಿ ಎಷ್ಟು ಗಜ ಇದೆ ಅಂತ ಹೇಳಬೇಕು, ಗಾಳಿ ನೋಡಬೇಕು, ಗ್ರೀನಿನ ಹುಲ್ಲು ಯಾವ ಕಡೆ ವಾಲಿದೆ ಅಂತ ಕೂತು ಓದಬೇಕು. ಮರಳಿನ ಗುಂಡಿಗೆ ಸಾಹೇಬ್ರು ಇಳಿದು ಬಂದ ಮೇಲೆ ಅವರ ಹೆಜ್ಜೆ ಗುರುತನ್ನ ಕುಂಟೆಯಲ್ಲಿ ಅಳಿಸಬೇಕು. ಹುಲ್ಲು ಕಿತ್ತು ಬಂದ ಕಡೆ ಮರಳು ತುಂಬಬೇಕು. ಸೋತರೆ ಬೈಗುಳ ಕೇಳಬೇಕು. ಅಣ್ಣ ನಿಂತಲ್ಲೇ ಕಣ್ಣು ಕಿರಿದು ಮಾಡಿ "ನೂರಾ ನಲವತ್ತು" ಅಂತಾನೆ. ಈಗ ಆಡೋರು ಆ್ಯಪ್ ತೆಗೆದು ನೋಡ್ತಾರೆ, ನೂರಾ ಮೂವತ್ತೆಂಟು ಅಂತ ತೋರಿಸುತ್ತೆ. "ಏನಪ್ಪಾ, ಎರಡು ಗಜ ತಪ್ಪಿದೆ" ಅಂತಾರಂತೆ. ಇಪ್ಪತ್ತೆರಡು ವರ್ಷದ ಕಣ್ಣಿಗೆ ಉಪಗ್ರಹ ಪರೀಕ್ಷೆ ಇಡುತ್ತೆ.

ಒಂದು ಶನಿವಾರ ನಾವಿಬ್ಬರೂ ಸೇರಿ ಪರೀಕ್ಷೆ ಮಾಡಿದ್ವಿ. ಅಣ್ಣನ ಫೋನಿಗೂ ಆ್ಯಪ್ ಹಾಕಿ, ಆನ್ ಮಾಡಿ ಜೇಬಿನಲ್ಲಿಟ್ಟ. ಮೈದಾನಕ್ಕೆ ಹೋದ ತಕ್ಷಣ ಅದು ಗುರುತು ಹಿಡೀತು, ಸ್ವಾಗತ, ಆಟ ಶುರು ಮಾಡಿ ಅಂತು. ಒಂದೊಂದು ಹೋಲೂ ದಾಟಿದ ಹಾಗೆ ದಾಖಲಾಯ್ತು. 18 ಮುಗಿದ ಮೇಲೆ ಸ್ಕೋರ್ ಕೇಳ್ತು. ಅಣ್ಣನಿಗೆ ಸ್ಕೋರ್ ಎಲ್ಲಿಂದ ಬರಬೇಕು? ಖಾಲಿ ಬಿಟ್ಟ. "ರೌಂಡ್ ಅಪೂರ್ಣ, 0 ಪಾಯಿಂಟ್" ಅಂತ ಬಂತು. ಅವನ ಮುಂದೆ ಕೈ ಬೀಸ್ಕೊಂಡು ಅದೇ ಹುಲ್ಲಿನ ಮೇಲೆ, ಅದೇ ನಾಲ್ಕೂವರೆ ಗಂಟೆ ನಡೆದವರಿಗೆ ರೌಂಡ್ ಮುಗಿಸಿದ್ದಕ್ಕೆ ಪಾಯಿಂಟ್, ನಡೆದ ಹೆಜ್ಜೆಗೆ ಬೇರೆ ಪಾಯಿಂಟ್.

ಅಣ್ಣ ನಕ್ಕ. "ನಾನ್ ಯಾವಾಗ ಆಡ್ದೆ ಕಣಪ್ಪಾ? ಹೊತ್ತೆ ಅಷ್ಟೇ" ಅಂದ.

ಆಮೇಲೆ ಇನ್ನೊಂದು ಕಂಡಿತು. ಆ್ಯಪ್‌ನಲ್ಲಿ ಕ್ಯಾಡಿ ಅನ್ನೋ ಪದ ಒಂದೇ ಒಂದು ಕಡೆ ಬರುತ್ತೆ. ಆಟ ಮುಗಿದ ಮೇಲೆ ಆಡಿದವರಿಗೆ ಒಂದು ಪ್ರಶ್ನೆ: ನಿಮ್ಮ ಕ್ಯಾಡಿಗೆ ಎಷ್ಟು ಸ್ಟಾರ್ ಕೊಡ್ತೀರಿ? ಸ್ಟಾರ್ ಕೊಟ್ಟಿದ್ದಕ್ಕೆ 10 ಪಾಯಿಂಟ್. ಆ ಹತ್ತೂ ಕೊಟ್ಟವರಿಗೇ. ಇಡೀ ಆ್ಯಪ್‌ನಲ್ಲಿ ಅಣ್ಣ ಇರೋದು ಅಳೆಯಿಸಿಕೊಳ್ಳೋಕೆ ಮಾತ್ರ, ಅಳೆದ ಕೂಲಿಯೂ ಅಳೆದವರಿಗೆ. "ಸ್ಟಾರ್ ಕಮ್ಮಿ ಆದ್ರೆ ನಂಬರ್ ಹಿಂದಕ್ಕೆ ಹಾಕ್ತಾರೇನೋ" ಅಂತ ಅಣ್ಣನಿಗೆ ಈಗ ಹೊಸ ಹೆದರಿಕೆ. ನಾನು ಈ ಆ್ಯಪ್ ಹಾಕಿಸಿದ ಮೇಲೆ ಅವನು ಕಲಿತ ಹೊಸ ಪದ ರೇಟಿಂಗ್.

ಇದನ್ನೆಲ್ಲ ನೋಡ್ತಾ ನನಗೆ ಊರಿನ ಅತ್ತಿಗೆ ನೆನಪಾದರು. ಅತ್ತಿಗೆ ನರೇಗಾ ಕೆಲಸಕ್ಕೆ ಹೋಗೋರು. ಅಲ್ಲೂ ಒಂದು ಆ್ಯಪ್. 2023ರ ಜನವರಿ 1ರಿಂದ ದೇಶಕ್ಕೆಲ್ಲ ಅದು ಕಡ್ಡಾಯ ಆಯ್ತು. ದಿನಕ್ಕೆ ಎರಡು ಸಲ, ಕೆಲಸದ ಜಾಗದಲ್ಲೇ, ಸಮಯ ಮತ್ತು ಜಿಪಿಎಸ್ ಗುರುತು ಸಮೇತ ಫೋಟೊ ಹೋಗಬೇಕು. ಕಾಯಕ ಬಂಧು ಫೋನ್ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತಿದ್ದರು. ಬೆಳಿಗ್ಗೆ ತನ್ನ ಪಾಲಿನ ಗುಂಡಿ ತೆಗೆದು ಮುಗಿಸಿದವಳೂ ಎರಡನೇ ಫೋಟೊಗೆ ಅಂತ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದೆ, ಫೋಟೊ ಹೋಗದೆ ಕೂಲಿ ತಪ್ಪಿದ ದೂರು ದೇಶದ ಎಲ್ಲ ಮೂಲೆಯಿಂದ ಬಂತು, 2023ರಲ್ಲಿ ಕೂಲಿಕಾರರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಇಷ್ಟೆಲ್ಲ ಯಾವ ಸಂಬಳಕ್ಕೆ? 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ ₹349.

ಆಕಾಶದಲ್ಲಿ ಸುತ್ತೋ ಉಪಗ್ರಹ ಒಂದೇ. ಫೋನಿನೊಳಗಿನ ಚಿಪ್ಪೂ ಒಂದೇ ಥರದ್ದು. ಅತ್ತಿಗೆ ಇರೋ ಜಾಗವನ್ನ ಅದು ತೋರಿಸಿದ್ದು ಅವಳು ಕಳ್ಳಿ ಅಲ್ಲ ಅಂತ ಸಾಬೀತು ಮಾಡೋಕೆ. ಸಾಹೇಬ್ರು ಇರೋ ಜಾಗವನ್ನ ತೋರಿಸೋದು ಅವರಿಗೆ ಬಹುಮಾನ ಕೊಡೋಕೆ. ಬೆಂಗಳೂರಿನ ಪೌರಕಾರ್ಮಿಕರು ಕಸ ಗುಡಿಸೋ ಮುಂಚೆ ಬಯೋಮೆಟ್ರಿಕ್ ಯಂತ್ರಕ್ಕೆ ಬೆರಳು ಕೊಡಬೇಕಾಯ್ತು. ಪೊರಕೆ ಹಿಡಿದು ಹಿಡಿದು ಸವೆದ ಬೆರಳನ್ನ ಆ ಯಂತ್ರ ಗುರುತು ಹಿಡಿಯಬೇಕು. ಸಾಹೇಬ್ರ ಬೆರಳಿಗೆ ಬರೀ "ಸ್ಕೋರ್ ಸೇವ್" ಒತ್ತುವ ಕೆಲಸ. ಅವರು ಬರೆದ ಸ್ಕೋರನ್ನ ಆ್ಯಪ್ ನಂಬುತ್ತೆ, ಗಾಲ್ಫ್ ಸಜ್ಜನರ ಆಟ ಅಂತ. ನಂಬಿಕೆ ಅನ್ನೋದನ್ನ ಯಾರಿಗೆ ಸಾಲ ಕೊಡ್ತಾರೆ, ಯಾರ ಹತ್ತಿರ ಅಡಮಾನ ಕೇಳ್ತಾರೆ ಅಂತ ನೋಡಿದ್ರೆ ಜಾತಿ ಎಲ್ಲಿದೆ ಅಂತ ಬೇರೆ ಹುಡುಕಬೇಕಾಗಿಲ್ಲ.

"ಅದು ಖಾಸಗಿ ಕಂಪನಿ, ಇದು ಸರ್ಕಾರ, ಎರಡಕ್ಕೂ ಏನು ಸಂಬಂಧ?" ಅಂತ ನಮ್ಮ ಬಳಗದಲ್ಲೇ ಒಬ್ಬರು ಕೇಳಿದರು. ಕಂಪನಿಗೆ ತನ್ನ ಗಿರಾಕಿಗೆ ಪಾಯಿಂಟ್ ಕೊಡೋ ಹಕ್ಕಿದೆ, ಒಪ್ಪಿದೆ. ಆದರೆ ಗಾಲ್ಫ್ ಅಷ್ಟೊಂದು ಖಾಸಗಿನಾ? ಒಂದು ಮೈದಾನಕ್ಕೆ ಬೇಕಾಗೋ ನೆಲ ನೋಡಿ, ನೀರು ನೋಡಿ. ದೊಮ್ಮಲೂರಿನ ಕಡೆ ಇರೋ ಗಾಲ್ಫ್ ಮೈದಾನ ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆ. ಕೆಜಿಎಫ್‌ಗೆ ಬನ್ನಿ. ಕೆಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಒಡೆದೋರು ಬಹುಪಾಲು ನಮ್ಮ ಜನ, ತಮಿಳುನಾಡಿನಿಂದ ಬಂದ ದಲಿತರು. ಮೇಲೆ ಬ್ರಿಟಿಷ್ ಅಧಿಕಾರಿಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮ್ಮ ಸೋದರಮಾವ ಚಾಂಪಿಯನ್ ರೀಫ್‌ನಲ್ಲಿ ಇಳಿದೋರು. ಅವರಿಗೆ ಗಾಲ್ಫ್ ಅಂದ್ರೆ ನೆನಪಿದ್ದಿದ್ದು ಒಂದೇ, ಚೆಂಡು ಹುಡುಕಿಕೊಟ್ಟರೆ ದೊರೆಗಳು ಚಿಲ್ಲರೆ ಕೊಡ್ತಿದ್ದರಂತೆ.

ಈಗ ಕಾಲ ಬದಲಾಗಿದೆ ಅಂತೀರಾ? ಬದಲಾಗಿದೆ. ಬೆಂಗಳೂರಿನಲ್ಲೇ ಕ್ಯಾಡಿ ಆಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ವಿದೇಶದಿಂದ ಬಂದ ಆಟಗಾರರನ್ನೆಲ್ಲ ಹಿಂದೆ ಹಾಕಿ. ಅವರಿಗಿಂತ ಮುಂಚೆ ದಿಲ್ಲಿಯ ಕ್ಯಾಡಿ ಅಲಿ ಶೇರ್ 1991ರಲ್ಲಿ, 1993ರಲ್ಲಿ ಅದೇ ಕಪ್ ಗೆದ್ದಿದ್ದರು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಗಾಲ್ಫ್ ಗೊತ್ತಿಲ್ಲದ ನಾನೂ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದೆ. ಮುನಿಯಪ್ಪ ಗೆದ್ದಿದ್ದನ್ನ ಅಣ್ಣನ ಕ್ಲಬ್ಬಿನ ಕ್ಯಾಡಿಗಳು ಈಗಲೂ ಹೊಡೆತ ಹೊಡೆತವಾಗಿ ಹೇಳ್ತಾರೆ. ಆದರೆ ಸಾವಿರದಲ್ಲಿ ಒಬ್ಬ ಗೆದ್ದ ಅಂತ ತೋರಿಸಿ, ಉಳಿದವರ ಮೊಣಕಾಲಿನ ಬಗ್ಗೆ ಯಾರೂ ಕೇಳಬಾರದು ಅಂದ್ರೆ ಹೇಗೆ? ಅಣ್ಣನ ಬಲ ಮೊಣಕಾಲು ಎರಡು ವರ್ಷದಿಂದ ಊದ್ಕೊಳ್ಳುತ್ತೆ. ಇಎಸ್‌ಐ ಇಲ್ಲ, ಪಿಎಫ್ ಇಲ್ಲ, ರಜೆ ಇಲ್ಲ. ನಂಬರ್ ಕಾರ್ಡು, ಯೂನಿಫಾರಂ ಇದೆ. ಆದರೆ ಕೇಳಿದರೆ "ನೀನು ನಮ್ಮ ನೌಕರ ಅಲ್ಲ, ದುಡ್ಡು ಕೊಡೋರು ಮೆಂಬರ್‌ಗಳು" ಅಂತಾರೆ.

ಈ ವಾದ ಹಳೇದು. ಹಾಂಗ್‌ಕಾಂಗ್‌ನಲ್ಲಿ ಚೆಂಗ್ ಯೂನ್ ಅನ್ನೋ ಕ್ಯಾಡಿ ರಾಯಲ್ ಹಾಂಗ್‌ಕಾಂಗ್ ಗಾಲ್ಫ್ ಕ್ಲಬ್ಬಿನ ಮೇಲೆ ಕೇಸು ಹಾಕಿದ್ದರು. ಅವರಿಗೂ ನಂಬರ್ ಇತ್ತು, ಯೂನಿಫಾರಂ ಇತ್ತು, ಸರದಿ ಪ್ರಕಾರ ಕೆಲಸ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯ್ತು. 1997ರಲ್ಲಿ ಬಹುಮತದ ತೀರ್ಪು ಬಂತು, ಕ್ಯಾಡಿ ಕ್ಲಬ್ಬಿನ ನೌಕರ ಅಲ್ಲ ಅಂತ. ಪೀಠದಲ್ಲಿದ್ದ ಲಾರ್ಡ್ ಹಾಫ್‌ಮನ್ ಒಬ್ಬರು ಮಾತ್ರ ಒಪ್ಪಲಿಲ್ಲ. ಆ ತೀರ್ಪಿಗೆ ನಾವು ಬದ್ಧರೇನೂ ಅಲ್ಲ. ಆದರೆ ನಮ್ಮ ಕ್ಲಬ್ಬುಗಳು ಹೇಳೋದೂ ಅದೇ ಮಾತು.

ಕೇಸು ಸೋಲೋದು ಎಲ್ಲಿ ಗೊತ್ತಾ? ದಾಖಲೆಯಲ್ಲಿ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದಾನೆ ಅಂತ ತೋರಿಸಬೇಕು ಅಂದಾಗ ಕೂಲಿ ಮಾಡೋನ ಕೈಯಲ್ಲಿ ಒಂದು ಚೀಟಿಯೂ ಇರಲ್ಲ. ರಿಜಿಸ್ಟರ್ ಇರೋದು ಅವರ ಬೀರುವಿನಲ್ಲಿ. ಇಪ್ಪತ್ತು ವರ್ಷದಿಂದ ಗುಮಾಸ್ತಿಕೆ ಮಾಡ್ತಿರೋ ನನಗೆ ಇಷ್ಟು ಗೊತ್ತು, ಬರೆದಿಟ್ಟಿದ್ದಕ್ಕೆ ಬೆಲೆ, ಬಾಯಲ್ಲಿ ಹೇಳಿದ್ದಕ್ಕಲ್ಲ.

ಅದಕ್ಕೇ ಅಣ್ಣನ ಫೋನಿಂದ ಆ ಆ್ಯಪನ್ನ ಇನ್ನೂ ತೆಗೆಸಿಲ್ಲ. ಪಾಯಿಂಟ್ ಸೊನ್ನೆ ಕೊಟ್ಟರೂ ಅದು ತಾರೀಖು, ಸಮಯ, ಮೈದಾನ, 18 ಹೋಲು ಎಲ್ಲ ಬರ್ಕೊಂಡಿದೆ. ಅಪೂರ್ಣ ರೌಂಡ್ ಅಂತ ಹಣೆಪಟ್ಟಿ ಹಾಕಿ ಅವನ ಹಾಜರಿಯನ್ನ ತಾನೇ ಇಟ್ಕೊಂಡಿದೆ. ಪ್ರತಿ ಭಾನುವಾರ ಅದರ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸ್ತಾನೆ, ನಾನು ಒಂದು ಲಾಂಗ್ ನೋಟ್‌ಬುಕ್ಕಿಗೆ ಏರಿಸ್ತೀನಿ. ಕಾಲಂಗಳು ಹೀಗಿವೆ: ತಾರೀಖು, ಗೇಟಿಗೆ ಬಂದ ಸಮಯ, ನಂಬರ್ ಬಂದ ಸಮಯ, ಎಷ್ಟು ರೌಂಡು, ಎಷ್ಟು ಬ್ಯಾಗು, ಕೈಗೆ ಬಂದ ದುಡ್ಡು, ಕೊಟ್ಟವರು ಯಾರು, ಕಾದು ವಾಪಸ್ ಹೋದ ದಿನ. ಐದು ವಾರದ್ದು ತುಂಬಿದೆ. ಅಣ್ಣನ ಜೊತೆಯವರು ಇನ್ನೂ ಆರು ಜನ ಶುರು ಮಾಡಿದ್ದಾರೆ. ಆ್ಯಪ್ ಬೇಕಂತೇನಿಲ್ಲ, ಸ್ಮಾರ್ಟ್‌ಫೋನ್ ಇಲ್ಲದವರು ಗೇಟಿನಿಂದ ಒಂದು ಮಿಸ್ ಕಾಲ್ ಕೊಟ್ಟರೂ ಸಾಕು, ತಾರೀಖು ಸಮಯ ನಮ್ಮ ಫೋನಿನಲ್ಲಿ ಉಳಿಯುತ್ತೆ.

ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಎಲ್ಲೇ ಆಗಲಿ, ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಕ್ಯಾಡಿ ಕೆಲಸಕ್ಕೆ ಹೋಗೋರು ಇದ್ದರೆ ಈ ಕಾಲಂಗಳನ್ನ ಅವರಿಗೆ ತೋರಿಸಿ. ಕ್ಲಬ್ಬಿನ ಹೆಸರು, ಅವರ ಹೆಸರು ಇಲ್ಲಿ ಕಾಮೆಂಟಿನಲ್ಲಿ ಹಾಕಬೇಡಿ, ನಂಬರ್ ಕಿತ್ಕೊಂಡುಬಿಡ್ತಾರೆ. ಇನ್‌ಬಾಕ್ಸಿಗೆ ಬನ್ನಿ. ಕಾರ್ಮಿಕ ಕಾನೂನು ಗೊತ್ತಿರೋ ವಕೀಲ ಗೆಳೆಯರು ಒಂದು ಭಾನುವಾರ ಎರಡು ಗಂಟೆ ಕೊಟ್ಟರೆ ಸಾಕು, ನೋಟ್‌ಬುಕ್ ನಾನೇ ತರ್ತೀನಿ.